ಜಿನೀವಾಕ್ಕೆ ಹೋಗುವ ಕಾಗದ ನಮ್ಮ ಕೇರಿಯಲ್ಲೇ ಹುಟ್ಟಬೇಕು

(ನಿಡಗುಂದಿಯ ವಿದ್ಯಾರ್ಥಿ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಒಂದು ಮಾತು ಇರಲಿ ಅಂತ ನಾವು ಹೇಳಿದಾಗ ಕೆಲವರು ನಕ್ಕರು. ಹಾಸ್ಟೆಲಿನ ಅನ್ನ ಸರಿಯಾಗಿ ಬೇಯೋದಿಲ್ಲ, ಸ್ಕಾಲರ್‌ಶಿಪ್ ವರ್ಷ ಮುಗಿದ ಮೇಲೆ ಬರ್ತದ, ಊರಾಗ ಚಾದಂಗಡಿ ಲೋಟ ಇನ್ನೂ ಬ್ಯಾರೆ ಐತಿ, ಇಂಥಾದ್ರಾಗ ಜಿನೀವಾ ಯಾಕ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳೋದೇ ಇವತ್ತಿನ ನಮ್ಮ ಕೆಲಸ.

ಜಿನೀವಾ ಸ್ವಿಟ್ಜರ್ಲೆಂಡಿನ ಒಂದು ಊರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಮತ್ತು ಸಮಿತಿಗಳು ಸೇರೋದು ಅಲ್ಲಿ. ಭಾರತದಲ್ಲಿ ದಲಿತರ ಸ್ಥಿತಿ ಹೇಗಿದೆ ಅಂತ ನಮ್ಮ ಸರ್ಕಾರದ ನಿಯೋಗ ಅಲ್ಲಿ ನಿಂತು ಹೇಳ್ತದ. ನಾವು ಅಲ್ಲಿರಲಿ, ಇಲ್ಲದಿರಲಿ, ನಮ್ಮ ಮಾತನ್ನು ಬೇರೆಯವರು ಆಡ್ತಾರ. ಹಾಗಾದರೆ ನಮ್ಮ ಮಾತನ್ನು ನಾವೇ ಆಡೋದು ಕಲಿಯಬೇಕೋ ಬೇಡವೋ?

ಹೊರದೇಶದ ಕಟ್ಟಳೆಗೂ ನಮಗೂ ಏನು ಸಂಬಂಧ ಅನ್ನುವವರು ಇಲ್ಲೇ ಪಕ್ಕದ ಆಲಮಟ್ಟಿ ಕಡೆ ನೋಡಲಿ. ೧೯೬೪ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಅದು. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಬಂತು. ಸಾಲದ ಸಂಗಡ ಷರತ್ತೂ ಬಂತು: ಮುಳುಗುವ ಊರಿನ ಜನಕ್ಕೆ ಸರಿಯಾದ ಪುನರ್ವಸತಿ ಆಗಬೇಕು. ಅದು ಸರಿಯಾಗಿ ಆಗಲಿಲ್ಲ ಅಂತ ೧೯೯೦ರ ದಶಕದಲ್ಲಿ ಬ್ಯಾಂಕು ಸಾಲದ ಹಣವನ್ನೇ ತಡೆಹಿಡಿಯಿತು. ಅಂದ್ರ ವಾಷಿಂಗ್ಟನ್ನಿನ ಕಟ್ಟಳೆಯೊಂದು ಕೃಷ್ಣೆಯ ದಂಡೆಯ ಗುಡಿಸಲಿಗೂ ಸೇರಿತ್ತು. ಆದರೆ ಆ ಗುಡಿಸಲಿನವನಿಗೆ ಇಂಥಾ ಒಂದು ಕಟ್ಟಳೆ ಐತಿ ಅಂತ ಹೇಳಿದವರು ಯಾರು? ಹೊಲ ಇದ್ದವನ ಕೈಯಲ್ಲಿ ಉತಾರ ಇರ್ತದ. ಆ ಹೊಲದಲ್ಲಿ ತಲೆತಲಾಂತರ ಕೂಲಿ ಮಾಡಿದವನ ಕೈಯಲ್ಲಿ ಯಾವ ಕಾಗದ ಇರ್ತದ? ಹೊಲದ ಜೊತೆ ಅವನ ಕೂಲಿಯೂ ಮುಳುಗಿತು ಅನ್ನೋದನ್ನ ಯಾರು ಬರೆದಿಡ್ತಾರ? ಈ ಪ್ರಶ್ನೆಯನ್ನ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದು ಕೇಳಿ.

ಗೆಳೆಯರೇ, ಈ ದಾರಿ ನಮಗೆ ಹೊಸದಲ್ಲ. ೧೯೩೦ರ ನವೆಂಬರ್‌ನಲ್ಲಿ ಶುರುವಾದ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಬಾಬಾಸಾಹೇಬರು ಮತ್ತು ರೆಟ್ಟಮಲೈ ಶ್ರೀನಿವಾಸನ್ ಹೋದರು. ಭಾಷಣ ಮಾಡಿ ಸುಮ್ಮನೆ ಬರಲಿಲ್ಲ. ಅಸ್ಪೃಶ್ಯರಿಗೆ ಮುಂದಿನ ಸಂವಿಧಾನದಲ್ಲಿ ಯಾವ ಯಾವ ರಕ್ಷಣೆ ಬೇಕು ಅಂತ ಒಂದೊಂದಾಗಿ ಬರೆದು ಮನವಿಪತ್ರ ಕೊಟ್ಟರು. ೧೯೪೬ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದರು. ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕಳಿಸಿಕೊಡಿ ಅಂತ ಕೇಳಿದರು. ಭಾರತದ ಅಸ್ಪೃಶ್ಯರೂ ಅಂಥದೊಂದು ಅರ್ಜಿ ಕೊಡಬೇಕು ಅನ್ನೋ ವಿಚಾರ ಅವರದಾಗಿತ್ತು. ಆಗ ವಿಶ್ವಸಂಸ್ಥೆ ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ. ಅಷ್ಟು ಬೇಗ ಅವರ ಕಣ್ಣು ಅಲ್ಲಿಗೆ ಹೋಗಿತ್ತು!

ಈಗ ಒಂದು ಪದದ ಕಥೆ ಹೇಳ್ತೀವಿ. ೧೯೬೫ರಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ಜನಾಂಗ ಭೇದವನ್ನು ತೊಡೆಯುವ ಒಪ್ಪಂದ ಮಾಡಿತು. ೧೯೬೮ರಲ್ಲಿ ಭಾರತ ಅದನ್ನು ಒಪ್ಪಿ ಸ್ಥಿರೀಕರಿಸಿತು. ಜನಾಂಗ, ಬಣ್ಣ, ವಂಶ, ರಾಷ್ಟ್ರ ಅಥವಾ ಬುಡಕಟ್ಟು ಮೂಲ, ಇವುಗಳ ಮೇಲೆ ಭೇದ ಮಾಡಬಾರದು ಅಂತ ಅದರ ಮೊದಲನೇ ವಿಧಿ ಹೇಳ್ತದ. ಇದರಲ್ಲಿ 'ವಂಶ' ಅನ್ನೋ ಪದ ಸೇರಿಸಿ ಅಂತ ಸೂಚಿಸಿದ್ದು ಬೇರೆ ಯಾರೂ ಅಲ್ಲ, ಭಾರತ ಸರ್ಕಾರವೇ!

೧೯೯೬ರಲ್ಲಿ ಈ ಒಪ್ಪಂದದ ಸಮಿತಿ ಭಾರತದ ವರದಿಯನ್ನು ಪರಿಶೀಲಿಸಿ, ವಂಶ ಅಂದರೆ ಬರೀ ಜನಾಂಗ ಅಲ್ಲ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸ್ಥಿತಿಯೂ ಇದರೊಳಗೆ ಬರ್ತದ ಅಂದಿತು. ಸರ್ಕಾರ ಒಪ್ಪಲಿಲ್ಲ. ೨೦೦೧ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಜನಾಂಗ ಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ದಲಿತ ಪ್ರತಿನಿಧಿಗಳ ದೊಡ್ಡ ತಂಡವೇ ಹೋಗಿ ಡೋಲು ಬಡಿದು ಲೋಕದ ಗಮನ ಸೆಳೆಯಿತು. ಆದರೂ ಕೊನೆಯ ಘೋಷಣೆಯಲ್ಲಿ ಜಾತಿ ಅನ್ನೋ ಪದ ಬರದಂತೆ ಸರ್ಕಾರ ನೋಡಿಕೊಂಡಿತು. ಸೋತೆವು ಅಂತ ಅನೇಕರು ಅಂದರು. ಮರುವರ್ಷವೇ, ೨೦೦೨ರಲ್ಲಿ, ಅದೇ ಸಮಿತಿ ತನ್ನ ೨೯ನೇ ಸಾಮಾನ್ಯ ಶಿಫಾರಸಿನಲ್ಲಿ ಜಾತಿಯಂಥ ವಂಶಪಾರಂಪರ್ಯ ವ್ಯವಸ್ಥೆ ಈ ಒಪ್ಪಂದದೊಳಗೆ ಬರ್ತದ ಅಂತ ಸ್ಪಷ್ಟವಾಗಿ ಬರೆಯಿತು.

ಇನ್ನೂ ಕೇಳಿ. ೨೦೦೬ರ ಡಿಸೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ದಿಲ್ಲಿಯಲ್ಲಿ ಅಸ್ಪೃಶ್ಯತೆಯನ್ನು ದಕ್ಷಿಣ ಆಫ್ರಿಕದ ವರ್ಣಭೇದ ನೀತಿಗೆ ಹೋಲಿಸಿದರು. ಎರಡೇ ತಿಂಗಳಿಗೆ ಜಿನೀವಾದಲ್ಲಿ ಅವರದೇ ಸರ್ಕಾರದ ನಿಯೋಗ, ಜಾತಿ ಈ ಒಪ್ಪಂದದೊಳಗೆ ಬರೋದಿಲ್ಲ ಅಂತ ವಾದ ಮಾಡಿತು. ಮನೆಯಲ್ಲಿ ಒಂದು ಮಾತು, ಹೊರಗೆ ಒಂದು ಮಾತು. ಎರಡನ್ನೂ ಓದಿಕೊಂಡವರು ಅಲ್ಲಿ ಇದ್ದರೆ ಮಾತ್ರ ಈ ಎರಡು ನಾಲಿಗೆ ಹಿಡಿಯಲು ಸಾಧ್ಯ.

ನಿಮಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಜಿನೀವಾಕ್ಕೆ ಪೊಲೀಸರಿಲ್ಲ, ಜೈಲಿಲ್ಲ. ನಮ್ಮಲ್ಲಿ ಒಬ್ಬ ವ್ಯಕ್ತಿ ನೇರವಾಗಿ ಆ ಸಮಿತಿಗೆ ದೂರು ಕೊಡುವ ದಾರಿಯನ್ನು ಭಾರತ ಒಪ್ಪಿಕೊಂಡಿಲ್ಲ. ಆದರೂ ಮೂರು ಬಾಗಿಲು ತೆರೆದಿವೆ. ಒಂದು, ಸರ್ಕಾರ ವರದಿ ಕೊಟ್ಟಾಗ ಅದಕ್ಕೆ ಎದುರಾಗಿ ನಾವು ಕೊಡುವ ಪರ್ಯಾಯ ವರದಿ. ಎರಡು, ಎಲ್ಲ ದೇಶಗಳಿಗೂ ಸರದಿ ಮೇಲೆ ಬರುವ ಮಾನವ ಹಕ್ಕು ಪರಿಶೀಲನೆ. ಭಾರತದ ಸರದಿ ೨೦೦೮, ೨೦೧೨, ೨೦೧೭, ೨೦೨೨ರಲ್ಲಿ ಬಂತು. ಇದಕ್ಕೆ ಒಂದು ಸಂಘಟನೆ ಕಳಿಸುವ ವರದಿ ೨,೮೧೫ ಪದ ಮೀರುವಂತಿಲ್ಲ. ಮೂರು, ವಿಶೇಷ ವರದಿಗಾರರು. ಇವರು ದೂರು ನೋಡಿ ಸರ್ಕಾರಕ್ಕೆ ಕಾಗದ ಬರೆದು ಉತ್ತರ ಕೇಳ್ತಾರ.

ಆ ಕಾನೂನು ನಮ್ಮ ಕೋರ್ಟಿನಲ್ಲೂ ಕೆಲಸಕ್ಕೆ ಬರ್ತದ. ದುಡಿಯುವ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ ನಮ್ಮಲ್ಲಿ ಕಾಯಿದೆಯೇ ಇಲ್ಲದಿದ್ದಾಗ, ೧೯೯೭ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮಹಿಳೆಯರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಆಧಾರ ಮಾಡಿಕೊಂಡು ನಿಯಮ ಕೊಟ್ಟಿತು.

ಇದನ್ನೆಲ್ಲ ತಾಯ ಹೊಟ್ಟೆಯಿಂದ ಯಾರೂ ಕಲಿತು ಬರುವುದಿಲ್ಲ. ಪೂರ್ವ ತಿಮೋರ್ ಅಂತ ಒಂದು ಪುಟ್ಟ ನಾಡು. ೧೯೭೫ರಲ್ಲಿ ಇಂಡೋನೇಷ್ಯಾ ಅದನ್ನು ನುಂಗಿತು. ಆ ನಾಡಿನ ಪರವಾಗಿ ವಿಶ್ವಸಂಸ್ಥೆಯಲ್ಲಿ ಮಾತಾಡಲು ಹೋದ ಹೋಸೆ ರಾಮೋಸ್ ಹೊರ್ಟಾಗೆ ಆಗ ಇನ್ನೂ ಇಪ್ಪತ್ತೈದು ವರ್ಷ. ತಾವು ಪಾಡುಪಟ್ಟು ಕಲಿತದ್ದನ್ನು ಬೇರೆ ಹೋರಾಟಗಾರರಿಗೂ ಕಲಿಸಬೇಕು ಅಂತ ೧೯೮೯ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಂದು ತರಬೇತಿ ಶಾಲೆ ಕಟ್ಟಿದರು. ೨೦೦೨ರಲ್ಲಿ ಅವರ ನಾಡು ಸ್ವತಂತ್ರವಾಯಿತು. ನಮ್ಮ ಬೆಂಗಳೂರಿನ ರೂತ್ ಮನೋರಮಾ ಅವರನ್ನು ನೋಡಿ. ಕೊಳೆಗೇರಿಗಳಲ್ಲಿ, ಮನೆಗೆಲಸದ ಹೆಣ್ಣುಮಕ್ಕಳ ನಡುವೆ ಸಂಘಟನೆ ಕಟ್ಟಿದವರು. ದಲಿತ ಹೆಣ್ಣುಮಕ್ಕಳ ಪ್ರಶ್ನೆಯನ್ನು ವಿಶ್ವಸಂಸ್ಥೆಯವರೆಗೂ ಒಯ್ದರು. ೨೦೦೬ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಕೇರಿಯ ಕೆಲಸ ಬಿಟ್ಟು ಅಲ್ಲಿಗೆ ಹೋದವರಲ್ಲ, ಕೇರಿಯ ಕೆಲಸ ಹೊತ್ತುಕೊಂಡೇ ಹೋದವರು.

ತಾಳ್ಮೆಯನ್ನೂ ಕಲಿಯಬೇಕು. ಕೋಪನ್‌ಹೇಗನ್‌ನಲ್ಲಿ ಕಚೇರಿ ಇರುವ ಅಂತರರಾಷ್ಟ್ರೀಯ ದಲಿತ ಐಕಮತ್ಯ ಜಾಲ ವಿಶ್ವಸಂಸ್ಥೆಯ ಮಾನ್ಯತೆಗೆ ೨೦೦೮ರಲ್ಲಿ ಅರ್ಜಿ ಹಾಕಿತು. ಭಾರತ ಸಭೆಯಿಂದ ಸಭೆಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಅದನ್ನು ಮುಂದಕ್ಕೆ ತಳ್ಳುತ್ತಾ ಹೋಯಿತು. ಮಾನ್ಯತೆ ಸಿಕ್ಕಿದ್ದು ೨೦೨೨ರ ಡಿಸೆಂಬರ್‌ನಲ್ಲಿ. ಅಷ್ಟೂ ವರ್ಷ ಪ್ರತಿ ಪ್ರಶ್ನೆಗೂ ಅವರು ಉತ್ತರ ಬರೆದರು. ರಾಜತಾಂತ್ರಿಕತೆ ಅಂದ್ರ ಸೂಟು ಹಾಕಿಕೊಂಡು ಕೈ ಕುಲುಕೋದು ಅಂತ ತಿಳಿದಿದ್ದರೆ ಅದನ್ನ ಬಿಡಿ. ಸಿಟ್ಟನ್ನು ಒಳಗೆ ಕಾಯಿಸಿಟ್ಟು, ಎದುರಿನವನು ಅಲ್ಲಗಳೆಯಲಾಗದ ಹಾಗೆ ಮಾತಾಡೋದು ಅದು.

ಹಾಗಾದರೆ ನಾವು ಹಾಸ್ಟೆಲಿನಲ್ಲಿ ಕೂತು ಏನು ಮಾಡಬೇಕು? ಮೊದಲು ಒಂದು ನೋಟ್‌ಬುಕ್ ಇಡ್ರಿ. ದೌರ್ಜನ್ಯ ನಡೆದ ಊರಿಗೆ ಹೋದಾಗ ಯಾರು, ಎಂದು, ಎಷ್ಟೊತ್ತಿಗೆ, ಎಲ್ಲಿ, ಏನು ಮಾತು ಆಡಿದರು, ಯಾರು ಕಂಡರು ಅಂತ ಬರೀರಿ. ಕಂಡದ್ದು ಬೇರೆ, ಕೇಳಿದ್ದು ಬೇರೆ ಬರೀರಿ. ಹಿಗ್ಗಿಸಬ್ಯಾಡ್ರಿ. ನಾಲ್ಕು ಮನೆ ಸುಟ್ಟಿದ್ದರೆ ನಾಲ್ಕೇ ಬರೀರಿ, ಐದು ಅಂದ ದಿನ ಆ ನಾಲ್ಕೂ ಸುಳ್ಳಾಗ್ತಾವ. ನೊಂದವರ ಒಪ್ಪಿಗೆ ಇಲ್ಲದೆ ಅವರ ಹೆಸರು ಹೊರಗೆ ಬಿಡಬ್ಯಾಡ್ರಿ. ನಾವು ಬಸ್ಸು ಹತ್ತಿ ಬರ್ತೀವಿ, ಅವರು ಅಲ್ಲೇ ಬದುಕಬೇಕು.

೧೯೮೯ರ ದೌರ್ಜನ್ಯ ತಡೆ ಕಾಯಿದೆ, ೧೯೯೫ರ ಅದರ ನಿಯಮ, ಎರಡನ್ನೂ ಓದಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಡಿವೈಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಜಿಲ್ಲಾಧಿಕಾರಿ, ಎಸ್‌ಪಿ ಸ್ಥಳಕ್ಕೆ ಬರಬೇಕು. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಇವುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ತಾರೀಖು ಸಮೇತ ಬರೆದಿಡಿ. ಊರಿನ ಠಾಣೆಯಲ್ಲಿ, ವಿಜಯಪುರದ ಜಿಲ್ಲಾ ಕಚೇರಿಯಲ್ಲಿ, ಬೆಂಗಳೂರಿನ ಆಯೋಗದಲ್ಲಿ ನಿಲ್ಲುವ ಕಾಗದವೇ ಜಿನೀವಾದಲ್ಲೂ ನಿಲ್ತದ. ಇಲ್ಲಿ ಬರೆಯದೆ ಇದ್ದದ್ದು ಅಲ್ಲಿ ನಡೆದೇ ಇಲ್ಲ ಅಂತ ಆಗ್ತದ.

ಇಂಗ್ಲಿಷಿಗೆ ಹೆದರಬ್ಯಾಡ್ರಿ. ಅದು ಸಾಹೇಬರ ಸೊತ್ತಲ್ಲ, ಒಂದು ಸಲಿಕೆ ಇದ್ದ ಹಾಗೆ. ನಿಮ್ಮ ಹಾಸ್ಟೆಲಿನಲ್ಲಿ ವಾರಕ್ಕೊಮ್ಮೆ ಐದು ಜನ ಕೂಡಿ ಆ ಒಪ್ಪಂದದ ಒಂದೊಂದೇ ವಿಧಿ ಓದಿ, ಕನ್ನಡದಲ್ಲಿ ಬರೆದು, ಗೋಡೆಗೆ ಹಚ್ಚಿ. ಅದರಲ್ಲಿ ತಂಗಿಯರು ಇರಲೇಬೇಕು, ಬರೀ ಕೇಳಲಿಕ್ಕಲ್ಲ, ಓದಿ ಹೇಳಲಿಕ್ಕೆ.

ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆ ಅಂತ ಓದಲಾರದೆ ಹೊಲ ಕಳಕೊಂಡರು, ಜೀತಕ್ಕೆ ಬಿದ್ದರು. ಸರ್ಕಾರ ನಮ್ಮ ಹೆಸರಿನಲ್ಲಿ ಲೋಕದ ಮುಂದೆ ರುಜು ಹಾಕಿದ ಕಾಗದಗಳು ಇವತ್ತು ಇವೆ. ಅವನ್ನು ಓದುವ ಕಣ್ಣು ನಮ್ಮವೇ ಆಗಲಿ.

ಜೈಭೀಮ್.