ಎಷ್ಟು ಕೊಟ್ಟಿ ಈ ಡಾಕ್ಟರೇಟಿಗೆ?

(ಶ್ರೀಮಠದ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಈಗ ವೇದಿಕೆ ಹತ್ತುವ ಮುಂಚೆ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಖಾಸಗಿ ವಿಶ್ವವಿದ್ಯಾಲಯದ್ದೇನವ್ವಾ? ಎಷ್ಟು ಕೊಟ್ಟಿ?" ಅವರ ಅನುಮಾನ ಸುಳ್ಳಲ್ಲ. ನಿಯಮ ಪಾಲಿಸದ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಯಾರನ್ನೂ ಪಿಎಚ್.ಡಿ.ಗೆ ಸೇರಿಸಿಕೊಳ್ಳಬಾರದೆಂದು 2025ರ ಜನವರಿಯಲ್ಲಿ ಯುಜಿಸಿಯೇ ಹೇಳಿತು. ಪ್ರಬಂಧ ಬರೆದುಕೊಡುವ ದಂಧೆಯವರು ನನಗೂ ಫೋನ್ ಮಾಡಿದ್ದರು. "ಮೇಡಂ, ಇತಿಹಾಸ ಭಾಳ ಸುಲಭ, ವಿಷಯ ಹೇಳಿ ಸಾಕು" ಎಂದರು. ಅನ್ಯರ ದುಡಿಮೆಗೆ ನನ್ನ ಹೆಸರು ಹಚ್ಚಿಕೊಂಡು ಈ ಮಠದಲ್ಲಿ ಕಾಯಕದ ಮಾತಾಡಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ.

ಶುಲ್ಕ ಕೊಟ್ಟಿದ್ದೇನೆ, ನಿಜ. ಹೈಸ್ಕೂಲಿನ ಸಂಬಳದಲ್ಲೇ ಉಳಿಸಿ ಕೊಟ್ಟೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನನ್ನ ವಿಷಯದ ಮಾರ್ಗದರ್ಶಕರ ಬಳಿ ಜಾಗವಿರಲಿಲ್ಲ. ಪ್ರಾಧ್ಯಾಪಕರು ಒಮ್ಮೆಗೆ 8 ಜನರನ್ನು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನಷ್ಟೇ ಇಟ್ಟುಕೊಳ್ಳಬಹುದು. ಖಾಸಗಿಗೆ ಹೋಗುವವರು ಕಟ್ಟಡ ನೋಡಬೇಡಿ, ಮಾರ್ಗದರ್ಶಕರು ಅಲ್ಲಿಯ ಕಾಯಂ ಅಧ್ಯಾಪಕರೇ ಎಂದು ನೋಡಿ. ದೂರಶಿಕ್ಷಣದಲ್ಲಿ ಪಿಎಚ್.ಡಿ. ಕೊಡಿಸುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ಕಳಿಸಿ, ಅಂಥದ್ದಕ್ಕೆ ನಿಯಮವೇ ಇಲ್ಲ. ನೌಕರಿಯಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಮಾಡಬಹುದು. ತಾಯಂದಿರೇ, 2022ರ ನಿಯಮದಂತೆ ಎಲ್ಲರಿಗೂ ಇರುವ ಆರು ವರ್ಷದ ಗಡುವಿನ ಮೇಲೆ ನಮಗೆ ಇನ್ನೆರಡು ವರ್ಷವಿದೆ, ಹೆರಿಗೆಗೆ, ಮಕ್ಕಳ ಆರೈಕೆಗೆ 240 ದಿನಗಳ ರಜೆಯೂ ಇದೆ. ನಾನು ಎರಡನ್ನೂ ಬಳಸಿಕೊಂಡೆ.

ಇನ್ನು ಆ ಹಿರಿಯರಿಗೆ ಹೇಳಬೇಕಾದ ಮಾತು ಬೇರೆಯೇ ಇದೆ.

ನನ್ನ ವಿಷಯ ನಮ್ಮ ಭಾಗದ ಮಠಗಳ ಉಚಿತ ಪ್ರಸಾದ ನಿಲಯಗಳ ಚರಿತ್ರೆ. ಒಂದು ನಿಲಯದ ಬಗ್ಗೆ ಮೊದಲ ಅಧ್ಯಾಯದಲ್ಲೇ ಬರೆದೆ: "ಆರಂಭದ ದಿನದಿಂದಲೂ ಎಲ್ಲ ಜಾತಿಯ ಮಕ್ಕಳಿಗೆ ಇಲ್ಲಿ ಒಂದೇ ಪಂಕ್ತಿ." ಚಿಕ್ಕಂದಿನಿಂದ ಕೇಳಿದ ಮಾತದು. ಮಾರ್ಗದರ್ಶಕರು ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು "ಎಲ್ಲಿದೆ ಆಧಾರ?" ಎಂದರು. ಸ್ಮರಣ ಸಂಚಿಕೆ ತೋರಿಸಿದೆ. "ಅದೂ ಕೇಳಿದ ಮಾತೇ ಅಲ್ಲವೇ?" ಎಂದರು.

ಆ ಮಠದ ಅಟ್ಟದಲ್ಲಿ ದಾಖಲಾತಿ ಪುಸ್ತಕಗಳೂ ಕೀರ್ದಿಗಳೂ ಗಂಟು ಕಟ್ಟಿ ಬಿದ್ದಿದ್ದವು. ಬೇಸಿಗೆ ರಜೆಯೆಲ್ಲ ಮೋಡಿ ಲಿಪಿ ಬಲ್ಲ ಅಜ್ಜರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಮೊದಲ ಹಲವು ವರ್ಷ ಮಕ್ಕಳೆಲ್ಲ ಎರಡು ಮೂರು ಸಮುದಾಯದವರೇ. ಆಮೇಲೊಂದು ವರ್ಷ ದಲಿತ ಕೇರಿಯ ಹುಡುಗನೊಬ್ಬನ ಹೆಸರು ಬರುತ್ತದೆ. ಅದೇ ತಿಂಗಳ ಕೀರ್ದಿಯಲ್ಲಿ ಅಡುಗೆಯವರಿಬ್ಬರ ಲೆಕ್ಕ ಚುಕ್ತಾ ಆಗಿದೆ. ಬಿಟ್ಟುಹೋದರೋ, ಬಿಡಿಸಿದರೋ, ಬೇರೆ ಏನೋ, ಪುಸ್ತಕ ಹೇಳುವುದಿಲ್ಲ. ಆದರೆ ಆ ಹುಡುಗನ ಹೆಸರು ಮುಂದಿನ ವರ್ಷವೂ ಇದೆ, ಅದರ ಮುಂದಿನ ವರ್ಷ ಅಂಥವೇ ನಾಲ್ಕು ಹೆಸರುಗಳಿವೆ.

ಹಾಗೆಯೇ ಬರೆದೆ. ಊರಿನ ಕೆಲವರು ಮುನಿಸಿಕೊಂಡರು, "ಮಠದ ಅನ್ನ ಉಂಡು ಹೀಗೆ ಬರೆದಳು" ಎಂದರು. ಒಂದು ರಾತ್ರಿ ಆ ಪುಟ ಕಿತ್ತು ಹಾಕಲೇ ಎಂದೂ ಯೋಚಿಸಿದೆ. ಮರುದಿನ ಅಲ್ಲಿಯ ಅಪ್ಪಗಳ ಮುಂದೆ ಓದಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗನ ಹೆಸರು ಇನ್ನೊಮ್ಮೆ ಓದವ್ವಾ" ಎಂದರು. ಪುಟ ಉಳಿಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಹೆಚ್ಚು ಪ್ರಶ್ನೆ ಕೇಳಿದ್ದೂ ಆ ಪುಟದ ಮೇಲೆಯೇ.

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಮನೆಮನೆಯಿಂದ ತಾಡೋಲೆ ಹುಡುಕಿ ತಂದು 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ಅಚ್ಚು ಹಾಕಿಸಿದರು. ನೂರು ವರ್ಷದ ಮೇಲೂ ನಮ್ಮ ಅಟ್ಟಗಳಲ್ಲಿ ಕಾಗದ ಗೆದ್ದಲು ತಿನ್ನುತ್ತಿದೆ. ಹಳೆಯ ಪುಸ್ತಕ ಪೂಜೆ ಮಾಡಿ ಹೊಳೆಗೆ ಬಿಡುವವರೂ ಇದ್ದಾರೆ. ಬಿಡಬೇಡಿ.

ಈ ಮಠದ ಅಟ್ಟದಲ್ಲೂ ಮೂರು ಗಂಟುಗಳಿವೆ, ಬಿಚ್ಚಲು ಅಪ್ಪಗಳು ಅಪ್ಪಣೆ ಕೊಟ್ಟಿದ್ದಾರೆ. ಪ್ರಸಾದವಾದ ಮೇಲೆ ಏಣಿ ಹಿಡಿಯಲು ಇಬ್ಬರು ಬೇಕು. ಪ್ರಶ್ನೆ ಕೇಳಿದ ಆ ಹಿರಿಯರು ಬಂದರೆ ಇನ್ನೂ ಸಂತೋಷ. ಅವರಿಗೆ ಮೋಡಿ ಓದಲು ಬರುತ್ತದೆಂದು ಈಗಷ್ಟೇ ತಿಳಿಯಿತು.