ಹಳೆಯ ಕಾರಿನ ಹಾರ್ನು: ದೋಷವನ್ನು ಹುಡುಕುವ ಕ್ರಮ

(ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಕಬ್ಬಿನ ಹಂಗಾಮಿನಲ್ಲಿ ನಮ್ಮ ಶಿರೋಳದ ರಸ್ತೆಗಳು ಹೇಗಿರುತ್ತವೆಂಬುದನ್ನು ನೀವೆಲ್ಲರೂ ಬಲ್ಲಿರಿ. ಎತ್ತಿನ ಗಾಡಿ, ಟ್ರ್ಯಾಕ್ಟರು, ಸೈಕಲ್ಲು, ಶಾಲೆಗೆ ನಡೆದು ಬರುವ ಮಕ್ಕಳು, ಎಲ್ಲರಿಗೂ ಹಾದಿ ಒಂದೇ. ಅಂಥ ಹಾದಿಯಲ್ಲಿ ಹಾರ್ನು ಕೆಟ್ಟ ವಾಹನವು ಅಪಾಯಕ್ಕೆ ಆಹ್ವಾನವೇ ಸರಿ. ಆದುದರಿಂದ ಇಂದು ಒಂದು ಸಣ್ಣ ದುರಸ್ತಿಯ ವಿಷಯವನ್ನೇ ಆರಿಸಿಕೊಂಡಿದ್ದೇನೆ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪಂಡಿತನು ವಿದ್ಯುತ್ತು ಹರಿಯುವ ತಂತಿಯು ದಿಕ್ಸೂಚಿಯ ಮುಳ್ಳನ್ನು ಅಲುಗಿಸುವುದೆಂದು ಕಂಡನು. 1825ರಲ್ಲಿ ಇಂಗ್ಲೆಂಡಿನ ಸ್ಟರ್ಜನ್ ವಿದ್ಯುತ್ಕಾಂತವನ್ನು ರಚಿಸಿದನು. ಹಾರ್ನಿನಲ್ಲಿರುವುದು ಅದೇ ತತ್ತ್ವ. ಕಾಂತವು ತೆಳುವಾದ ಉಕ್ಕಿನ ತಗಡನ್ನು ಸೆಳೆಯುತ್ತದೆ. ಸೆಳೆದೊಡನೆ ಸಂಪರ್ಕ ಕಡಿಯುತ್ತದೆ. ತಗಡು ಹಿಂದಕ್ಕೆ ಚಿಮ್ಮಿ ಸಂಪರ್ಕ ಮತ್ತೆ ಕೂಡುತ್ತದೆ. ಒಂದು ಸೆಕೆಂಡಿನಲ್ಲಿ ನೂರಾರು ಸಲ ನಡೆಯುವ ಈ ಕಂಪನವೇ ನಾವು ಕೇಳುವ ಸದ್ದು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡವರಿದ್ದಾರೆ. ಅಂಥ ಹಳೆಯ ಕಾರುಗಳು ಅನೇಕವುಗಳಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಫ್ಯೂಜಿಗೆ, ಅಲ್ಲಿಂದ ಹಾರ್ನಿಗೆ, ಹಾರ್ನಿನಿಂದ ಒಂದೇ ತಂತಿಯ ಮೂಲಕ ಸ್ಟಿಯರಿಂಗ್ ಚಕ್ರದ ನಡುವಿನ ಗುಂಡಿಗೆ ಬರುತ್ತದೆ. ಗುಂಡಿಯನ್ನು ಒತ್ತಿದಾಗ ಆ ತಂತಿಗೂ ಕಾರಿನ ಲೋಹಕ್ಕೂ ಸಂಪರ್ಕವಾಗುತ್ತದೆ. ಆ ಲೋಹವೇ ಬ್ಯಾಟರಿಗೆ ಮರಳುವ ದಾರಿ. ಮಿಸ್ತ್ರಿಗಳು ಇದನ್ನು ‘ಅರ್ಥಿಂಗ್’ ಎನ್ನುತ್ತಾರೆ. ಚಕ್ರ ತಿರುಗಿದಾಗ ತಂತಿ ಸುತ್ತಿಕೊಳ್ಳದಿರಲೆಂದು ಕೆಲವು ಕಾರುಗಳಲ್ಲಿ ಹಿತ್ತಾಳೆಯ ಬಳೆಯೊಂದನ್ನು ಇಟ್ಟು, ಸ್ಪ್ರಿಂಗಿನ ಬಲದಿಂದ ಅದಕ್ಕೆ ಒರಸಿಕೊಂಡಿರುವ ಬ್ರಶ್ಶನ್ನು ಜೋಡಿಸಿರುತ್ತಾರೆ.

ಗುಂಡಿ ಒತ್ತಿದರೂ ಸದ್ದಿಲ್ಲವೆಂದು ಭಾವಿಸೋಣ. ಅನೇಕರು ಕೂಡಲೇ ಹೊಸ ಹಾರ್ನು ತರಲು ಓಡುತ್ತಾರೆ. ಬಲ್ಲ ಮಿಸ್ತ್ರಿ ಹಾಗೆ ಮಾಡುವುದಿಲ್ಲ. ಫ್ಯೂಜನ್ನು ನೋಡಿದ ಮೇಲೆ, ಹಾರ್ನಿನಲ್ಲಿ ಗುಂಡಿಯ ತಂತಿ ಕೂಡುವ ಸ್ಥಳವನ್ನು ಬೇರೊಂದು ತಂತಿಯಿಂದ ಕಾರಿನ ಲೋಹಕ್ಕೆ ಮುಟ್ಟಿಸುತ್ತಾನೆ. ಸದ್ದಾದರೆ ಬ್ಯಾಟರಿ, ಫ್ಯೂಜು, ಹಾರ್ನು ಮೂರೂ ನಿರ್ದೋಷಿ. ಆಮೇಲೆ ಗುಂಡಿಯನ್ನು ಬಿಚ್ಚಿ, ಅದರ ತಂತಿಯ ತುದಿಯನ್ನು ಕಾರಿನ ಲೋಹಕ್ಕೆ ಮುಟ್ಟಿಸುತ್ತಾನೆ. ಸದ್ದಿಲ್ಲದಿದ್ದರೆ ತಂತಿ ತುಂಡಾಗಿದೆ, ಇಲ್ಲವೆ ಬ್ರಶ್ಶು ಸವೆದಿದೆ. ಸದ್ದಾದರೆ ಚಕ್ರದ ದಂಡಕ್ಕೆ ಮುಟ್ಟಿಸುತ್ತಾನೆ. ಅಲ್ಲಿ ಸದ್ದಡಗಿದರೆ ದಂಡದ ಅರ್ಥಿಂಗ್ ಕೆಟ್ಟಿದೆ. ಅಲ್ಲಿಯೂ ಸದ್ದಾದರೆ ಗುಂಡಿಯೇ ಮಲಿನವಾಗಿದೆ. ಇದಕ್ಕೆ ಪ್ರತಿಯಾಗಿ, ಒತ್ತದೆಯೇ ಹಾರ್ನು ಕೂಗುತ್ತಿದ್ದರೆ, ತಂತಿಯ ಹೊದಿಕೆ ಸವೆದು ಅದು ಲೋಹಕ್ಕೆ ತಗಲಿರುವ ಸಂಭವ ಹೆಚ್ಚು.

2019ರ ಆಗಸ್ಟಿನಲ್ಲಿ ಕೃಷ್ಣಾ, ಪಂಚಗಂಗೆಗಳ ಮಹಾಪೂರವನ್ನು ನಮ್ಮ ತಾಲೂಕು ಅನುಭವಿಸಿತು. ನೀರಿನಲ್ಲಿ ನಿಂತ ವಾಹನದ ಜೋಡಣೆಗಳು ತುಕ್ಕು ಹಿಡಿಯುತ್ತವೆ. ನಯವಾದ ಉಜ್ಜುಕಾಗದದಿಂದ ತಿಕ್ಕಿದರೆ ಎಷ್ಟೋ ಹಾರ್ನುಗಳು ಮತ್ತೆ ದನಿಗೂಡುತ್ತವೆ.

ಎರಡು ಎಚ್ಚರಿಕೆಗಳು: ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ, ಪರೀಕ್ಷೆಗಷ್ಟೇ ಮತ್ತೆ ಕೂಡಿಸಿರಿ. ಈಗಿನ ಕಾರುಗಳ ಚಕ್ರದೊಳಗೆ ಏರ್‌ಬ್ಯಾಗ್ ಇರುತ್ತದೆ. ಅದು ಸಿಡಿದರೆ ತೀವ್ರ ಗಾಯವಾದೀತು. ಅದನ್ನು ಪರಿಣತರ ಹೊರತು ಯಾರೂ ಮುಟ್ಟಬಾರದು.

ಪಾಲಕರೆ, ಗಣಿತದಲ್ಲಿ ತಪ್ಪಿದ ಹುಡುಗನಿಗೆ ‘ದಡ್ಡ’ನೆಂಬ ಹೆಸರಿಡುವುದು ಪರೀಕ್ಷಿಸದೆ ಹಾರ್ನನ್ನು ಎಸೆದಂತೆ. ಗುಣಾಕಾರದಲ್ಲಿ ತಪ್ಪಿದನೋ, ಪ್ರಶ್ನೆಯೇ ತಿಳಿಯಲಿಲ್ಲವೋ, ಹಲಗೆಯ ಮೇಲಿನ ಅಕ್ಷರ ಕಾಣಲಿಲ್ಲವೋ, ಒಂದೊಂದಾಗಿ ನೋಡಿರಿ. ವಿದ್ಯಾರ್ಥಿಗಳೆ, ಪುಸ್ತಕದ ವಿದ್ಯೆಯೂ ಮಿಸ್ತ್ರಿಯ ಕೈಚಳಕವೂ ಒಂದೇ ಕ್ರಮದಲ್ಲಿ ನಡೆಯುತ್ತವೆ. ಎರಡನ್ನೂ ಗೌರವಿಸಿರಿ.