ನಡೆದವರೇ ತಿದ್ದಬೇಕಾದ ನಕ್ಷೆ

(ಕುಮಾರಪಟ್ಟಣದಲ್ಲಿ ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಅಂತರಜಾಲದ ನಕ್ಷೆಗಳಲ್ಲಿರುವ ತಪ್ಪುಗಳನ್ನು ತಿದ್ದಿಸುವುದು ಹೇಗೆಂಬುದನ್ನು ಕುರಿತು ಮಾತನಾಡಬೇಕೆಂದು ನನಗೆ ತಿಳಿಸಲಾಗಿದೆ. ಈ ವಿಷಯಕ್ಕೆ ಕುಮಾರಪಟ್ಟಣಕ್ಕಿಂತ ತಕ್ಕ ಊರು ದೊರೆಯುವುದು ಕಷ್ಟ. ನಾವು ಈಗ ಕುಳಿತಿರುವುದು ತುಂಗಭದ್ರೆಯ ದಂಡೆಯಲ್ಲಿ, ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಎದುರು ದಂಡೆಯ ಹರಿಹರವು ದಾವಣಗೆರೆ ಜಿಲ್ಲೆಗೆ ಸೇರಿದ್ದು. ಆದರೆ ಈ ದಂಡೆಯ ದೊಡ್ಡ ಕಾರ್ಖಾನೆ ಹೊತ್ತಿರುವುದು ಆ ದಂಡೆಯ ಹರಿಹರದ ಹೆಸರನ್ನು. 1956ಕ್ಕೆ ಮುಂಚೆ ಈ ದಂಡೆ ಮುಂಬಯಿ ರಾಜ್ಯ, ಆ ದಂಡೆ ಮೈಸೂರು ರಾಜ್ಯ. 1997ರವರೆಗೆ ಇದು ಧಾರವಾಡ ಜಿಲ್ಲೆ, ಅದು ಚಿತ್ರದುರ್ಗ ಜಿಲ್ಲೆ. ಊರಿನ ಹೆಸರನ್ನಾದರೂ ಒಬ್ಬರು ಕುಮಾರಪಟ್ಟಣ ಎಂದು, ಮತ್ತೊಬ್ಬರು ಕುಮಾರಪಟ್ಟಣಂ ಎಂದು, ಇನ್ನೊಬ್ಬರು ಕುಮಾರಪಟ್ನಂ ಎಂದು ಬರೆಯುತ್ತಾರೆ. ಇಷ್ಟೆಲ್ಲ ಹೆಸರು, ಗಡಿಗಳ ನಡುವೆ ದೂರದ ಕಂಪ್ಯೂಟರೊಂದು ದಾರಿ ತಪ್ಪಿದರೆ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ನಿಜವನ್ನು ಬಲ್ಲ ನಾವು ಸುಮ್ಮನಿರುವುದು.

ನಕ್ಷೆಯ ತಪ್ಪು ಎಂದರೆ ಕಾಗುಣಿತದ ತಪ್ಪಿನಷ್ಟೇ ಎಂದು ಭಾವಿಸಬೇಡಿ. ಈ ಸೀಮೆಯ ಇತಿಹಾಸವೇ ಅದಕ್ಕೆ ಸಾಕ್ಷಿ. 1984ರಲ್ಲಿ ರಾಜ್ಯ ಸರ್ಕಾರವೂ ಇಲ್ಲಿನ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ನೆಲವನ್ನು ಅದಕ್ಕೆ ಒದಗಿಸುವ ಯೋಜನೆಯಾಯಿತು. ಕಾಗದದಲ್ಲಿ ಅದು ಸರ್ಕಾರದ ಪಾಳುಭೂಮಿ. ಹಳ್ಳಿಗರ ಪಾಲಿಗೆ ದನ ಮೇಯುವ, ಸೌದೆ ಆಯುವ ನೆಲ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಹೋರಾಟವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಒಂದು ನೆಲವನ್ನು ಏನೆಂದು ಕರೆಯುತ್ತಾರೆ ಎಂಬುದರ ಮೇಲೆ ಅದು ಯಾರ ಪಾಲಾಗುತ್ತದೆ ಎಂಬುದು ನಿಂತಿದೆ ಎಂಬ ಪಾಠವನ್ನು ಕುಸನೂರಿನವರು ಮೊಬೈಲು ಬರುವ ಮೊದಲೇ ಕಲಿತಿದ್ದರು.

ಇಂದು ಅಂಗೈಯಗಲದ ಪರದೆಯ ಮೇಲೆ ಅದೇ ಪ್ರಶ್ನೆ ಮರಳಿ ಬಂದಿದೆ. ನಾನು ಕಂಡಂತೆ ಈ ತಪ್ಪುಗಳು ನಾಲ್ಕು ಬಗೆಯವು. ಮೊದಲನೆಯದು ಹೆಸರಿನ ತಪ್ಪು. ಎರಡನೆಯದು ಸ್ಥಳದ ತಪ್ಪು: ಶಾಲೆಯೋ ಆರೋಗ್ಯ ಕೇಂದ್ರವೋ ಹಳ್ಳದ ಆಚೆ ದಡದಲ್ಲಿ ಕಾಣಿಸುವುದು. ಮೂರನೆಯದು ಕಾಲದ ತಪ್ಪು: ಬೆಂಗಳೂರು-ಪುಣೆ ಹೆದ್ದಾರಿಗೆ 48ರ ಸಂಖ್ಯೆ ಬಂದು ವರ್ಷಗಳಾದರೂ ಹಳೆಯ 4 ಎಂಬ ಅಂಕಿ ಉಳಿದಿರುವುದು. ನಾಲ್ಕನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ಬಗೆಯ ತಪ್ಪು: ಬೇಸಿಗೆಯಲ್ಲಿ ಬತ್ತುವ ಕೆರೆ ಬಯಲಾಗಿ, ಗೋಮಾಳ ಖಾಲಿ ಜಾಗವಾಗಿ, ಕಾಲುದಾರಿ ರಸ್ತೆಯಾಗಿ ಕಾಣಿಸುವುದು.

ಈ ಕೊನೆಯದನ್ನು ನಾನು ಸ್ವತಃ ಕಂಡಿದ್ದೇನೆ. ನಮ್ಮೂರಿನ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕವೊಂದಿದೆ. ಒಬ್ಬರು ಹಿಂದೆ ಒಬ್ಬರು ದಾಟಬಹುದಾದಷ್ಟೇ ಅಗಲ. ನಕ್ಷೆಯೊಂದರಲ್ಲಿ ಅದು ವಾಹನ ಓಡುವ ರಸ್ತೆಯೆಂದು ದಾಖಲಾಗಿತ್ತು. ಒಂದು ಮಳೆಗಾಲದ ರಾತ್ರಿ ರೋಗಿಯನ್ನು ಕರೆದೊಯ್ಯಲು ಪೇಟೆಯಿಂದ ಬಂದ ಜೀಪು ಅದನ್ನೇ ನಂಬಿ ಹಳ್ಳದ ಅಂಚಿಗೆ ಬಂದು ನಿಂತಿತು. ಹಿಂದಿರುಗಿ ಸುತ್ತುದಾರಿ ಹಿಡಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ರೋಗಿ ಬದುಕುಳಿದರು, ಅದು ನಮ್ಮ ಭಾಗ್ಯವೇ ಹೊರತು ನಕ್ಷೆಯ ಗುಣವಲ್ಲ. ಮರುದಿನ ನಾನೊಬ್ಬನೇ ಕಳುಹಿಸಿದ ತಿದ್ದುಪಡಿ ಸ್ವೀಕೃತವಾಗಲಿಲ್ಲ. ಬಳಿಕ ಊರಿನ ಐದಾರು ಯುವಕರು ಸಂಕದ ಎರಡೂ ತುದಿಗಳಲ್ಲಿ ನಿಂತು ಛಾಯಾಚಿತ್ರ ತೆಗೆದು, ಬೇರೆ ಬೇರೆಯಾಗಿ ಕಳುಹಿಸಿದರು. ಆಗ ರಸ್ತೆ ಅಳಿಯಿತು. ಒಬ್ಬನ ಮಾತಿಗಿಂತ ಊರಿನ ಮಾತಿಗೆ ತೂಕ ಹೆಚ್ಚು. ಆಧಾರವಿದ್ದರೆ ಇನ್ನೂ ಹೆಚ್ಚು.

ಇನ್ನು ವಿಧಾನ. ಯಾವ ನಕ್ಷೆಯನ್ನು ತಿದ್ದುತ್ತಿದ್ದೇವೆ ಎಂಬುದನ್ನು ಮೊದಲು ತಿಳಿದಿರಬೇಕು. ಗೂಗಲ್ ನಕ್ಷೆ ಖಾಸಗಿ ಕಂಪನಿಯದು. ಆ ಕಂಪನಿ ಜನರಿಗೆ ನಕ್ಷೆ ಬಿಡಿಸಲು ಕೊಟ್ಟಿದ್ದ ಮ್ಯಾಪ್ ಮೇಕರ್ ಎಂಬ ಸಾಧನವು 2017ರಲ್ಲಿ ಮುಚ್ಚಿತು. ಈಗ ಸ್ಥಳದ ಮೇಲೆ ಬೆರಳಿಟ್ಟು ತಿದ್ದುಪಡಿಯನ್ನು ಸೂಚಿಸಬಹುದು. ಒಪ್ಪುವುದು, ಬಿಡುವುದು ಅವರ ಕೈಯಲ್ಲಿದೆ. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಸಾರ್ವಜನಿಕರೇ ಕಟ್ಟಿದ ನಕ್ಷೆ. ಖಾತೆ ತೆರೆದು ಯಾರಾದರೂ ನೇರವಾಗಿ ತಿದ್ದಬಹುದು. ಊರಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸಬಹುದು. ದಾರಿಯೊಂದನ್ನು ಕಾಲುದಾರಿ, ಗಾಡಿದಾರಿ, ಡಾಂಬರು ರಸ್ತೆ ಎಂದು ಬೇರ್ಪಡಿಸಬಹುದು. ಆದರೆ ಬೇರೊಂದು ಕಂಪನಿಯ ನಕ್ಷೆಯನ್ನು ನೋಡಿ ನಕಲು ಮಾಡುವಂತಿಲ್ಲ. ಕಂಡದ್ದನ್ನು, ನಡೆದದ್ದನ್ನು ಮಾತ್ರ ಬರೆಯಬೇಕು. 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಅನ್ವಯ, ಸೂಕ್ಷ್ಮವೆಂದು ನಿರ್ಬಂಧಿಸಿದ ವಿವರಗಳನ್ನು ಹೊರತುಪಡಿಸಿ, ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ಈ ನಕ್ಷೆಗಳನ್ನು ತಿದ್ದಿದ ಮಾತ್ರಕ್ಕೆ ಪಹಣಿ ತಿದ್ದಿದಂತಾಗುವುದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನೀವು ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ಅದರಲ್ಲಿ ಕಾಣುವ ಗೆರೆಯನ್ನು ಹದ್ದುಬಸ್ತಿನ ಕಲ್ಲೆಂದು ತಿಳಿದು ನೆರೆಯವನೊಡನೆ ಜಗಳ ಕಾಯಬಾರದು. ಗಡಿಯ ತಕರಾರಿಗೆ ಸರ್ವೆ ಇಲಾಖೆಗೆ ಹದ್ದುಬಸ್ತು ಅರ್ಜಿ, ಪಹಣಿಯ ತಪ್ಪಿಗೆ ತಹಶೀಲ್ದಾರರಿಗೆ ಅರ್ಜಿ; ಇವೇ ದಾರಿ. ಗ್ರಾಮನಕಾಶೆಯ ಪ್ರತಿಯನ್ನು ಪಡೆದು ಅಂತರಜಾಲದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದನ್ನೊಂದು ಪರೀಕ್ಷಿಸುತ್ತವೆ.

ಘಟ್ಟದವರಿಗೆ ಇದು ಇನ್ನೂ ಹತ್ತಿರದ ಮಾತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು 2014ರಿಂದ ಮತ್ತೆ ಮತ್ತೆ ಹೊರಟಿವೆ. ಆರನೆಯದು ಹೊರಟದ್ದು 2024ರ ಜುಲೈ 31ರಂದು. ಕರ್ನಾಟಕದಲ್ಲಿ ಅದರ ವ್ಯಾಪ್ತಿ 20,668 ಚದರ ಕಿಲೋಮೀಟರ್. ಪ್ರದೇಶವನ್ನು ಗುರುತಿಸಲು ಉಪಗ್ರಹದ ಚಿತ್ರಗಳನ್ನು ಬಳಸಲಾಗಿತ್ತು. ಆಕಾಶದಿಂದ ನೋಡಿದರೆ ನೆರಳಿನ ಕಾಫಿ ತೋಟವೂ ಹಸಿರು, ಕಾಡೂ ಹಸಿರು. ತೋಟವನ್ನು ತೋಟವೆಂದು ಆಧಾರಸಹಿತ ಹೇಳುವ ಹಕ್ಕು ರೈತನಿಗಿದೆ. ಆದರೆ ಆ ಮಾತಿಗೆ ಇನ್ನೊಂದು ಮುಖವೂ ಇದೆ. ಕಾಡನ್ನು ಕಾಡೆಂದೇ, ಒತ್ತುವರಿಯನ್ನು ಒತ್ತುವರಿಯೆಂದೇ ಹೇಳುವ ಧೈರ್ಯವೂ ನಮಗಿರಬೇಕು. ನಮಗೆ ಅನುಕೂಲವಾದ ತಪ್ಪನ್ನು ಉಳಿಸಿಕೊಂಡು, ಅನಾನುಕೂಲವಾದದ್ದನ್ನಷ್ಟೇ ತಿದ್ದಿಸಹೊರಟರೆ ನಮ್ಮ ಸಾಕ್ಷ್ಯವನ್ನು ಯಾರು ನಂಬುತ್ತಾರೆ?

ತಿದ್ದುವ ಉತ್ಸಾಹದಲ್ಲಿ ಎಲ್ಲವನ್ನೂ ನಕ್ಷೆಗೇರಿಸಲೂಬಾರದು. ಅಪರೂಪದ ಔಷಧಿ ಗಿಡ ಎಲ್ಲಿದೆ, ಹೆಜ್ಜೇನು ಯಾವ ಮರದಲ್ಲಿ ಕಟ್ಟುತ್ತದೆ, ದೇವರ ಕಾಡಿನ ಒಳದಾರಿ ಯಾವುದು ಎಂಬುದು ಲೋಕಕ್ಕೆಲ್ಲ ತಿಳಿಯಬೇಕಾಗಿಲ್ಲ. ಯಾವುದನ್ನು ತೋರಿಸಬೇಕು, ಯಾವುದನ್ನು ಕಾಯಬೇಕು ಎಂಬುದನ್ನು ಊರಿನ ಹಿರಿಯರೊಡನೆ ಕುಳಿತು ನಿಶ್ಚಯಿಸಿ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಊರಿಗೆ ಮರಳಿದ ಮೇಲೆ ದನ ಕಾಯುವ ಅಜ್ಜನನ್ನೋ ಸೊಪ್ಪಿಗೆ ಹೋಗುವ ಅಜ್ಜಿಯನ್ನೋ ಮುಂದಿಟ್ಟುಕೊಂಡು ಒಂದು ದಿನ ಸೀಮೆ ಸುತ್ತಿ. ಕೆರೆ, ಹಳ್ಳ, ಗೋಮಾಳ, ಕಾಲುಸಂಕಗಳ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಸಂಜೆ ಪಂಚಾಯಿತಿ ಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಓದಿ, ಅವರು ಒಪ್ಪಿದ್ದನ್ನು ಮಾತ್ರ ನಕ್ಷೆಗೆ ಸೇರಿಸಿ. ಪರದೆಯನ್ನು ಬಲ್ಲವರು ನೀವು, ನೆಲವನ್ನು ಬಲ್ಲವರು ಅವರು. ಇಬ್ಬರೂ ಕೂಡಿದರೆ ಮಾತ್ರ ನಕ್ಷೆ ನಿಜವಾಗುತ್ತದೆ. ಈ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನವರೂ ತಮ್ಮ ಕಾಲುಸಂಕಗಳನ್ನಾದರೂ ಸರಿಯಾಗಿ ಗುರುತಿಸಿದರೆ ಇಂದಿನ ಸಭೆ ಸಾರ್ಥಕ.